ಹೊಡೆದುಹಾಕದೆ ಉಳಿದ ಸಾಲುಗಳು

ಸ್ನಾತಕೋತ್ತರ ವಿದ್ಯಾರ್ಥಿಗಳ ಪ್ರಬಂಧಗಳು ವಿಶ್ವವಿದ್ಯಾಲಯಕ್ಕೆ ಹೋದ ಮೇಲೆ, ಪರೀಕ್ಷೆಗೆ ಇನ್ನೂ ಸ್ವಲ್ಪ ಸಮಯವಿರುವಾಗ, ನನ್ನ ಬಳಿಗೆ ಬೇರೊಂದು ಬಗೆಯ ಬರಹಗಳು ಬರತೊಡಗುತ್ತವೆ. ಒಪಿಡಿಯಲ್ಲಿ ತಾವು ನೋಡಿದ, ಚೆನ್ನಾಗಿ ಗುಣವಾದ ಒಂದು ಕೇಸನ್ನು ಹೋಮಿಯೋಪಥಿ ಜರ್ನಲ್‌ಗೆ ಕಳುಹಿಸಬೇಕೆಂದು ಅವರು ಬರೆದು ತರುವ ಹಸ್ತಪ್ರತಿಗಳಿವು. ಕಾಲೇಜಿನಲ್ಲಿ ಕಲಿಸುವುದರ ಜೊತೆಗೆ ಜರ್ನಲ್‌ಗಳಿಗೆ ಬಂದ ಲೇಖನಗಳನ್ನು ಪರಿಶೀಲಿಸಿಕೊಡುವ ಕೆಲಸವನ್ನೂ ಮಾಡುವುದರಿಂದ ಇಂತಹ ಬರಹಗಳನ್ನು ಎರಡೂ ಬದಿಯಿಂದ ಓದುತ್ತ ಬಂದಿದ್ದೇನೆ. ಬರೆಯುವವರು ಬೇರೆ, ರೋಗ ಬೇರೆ, ಔಷಧಿ ಬೇರೆ. ಆದರೆ ಬರಹದ ಆಕಾರ ಮಾತ್ರ ಬದಲಾಗುವುದಿಲ್ಲ. ಹಲವು ಕಡೆ ತೋರಿಸಿ ಬೇಸತ್ತ ರೋಗಿ ಬರುತ್ತಾನೆ, ಎರಡು ಪುಟಗಳಷ್ಟು ಲಕ್ಷಣಗಳು ದಾಖಲಾಗುತ್ತವೆ, ಲಕ್ಷಣಗಳಿಗೆ ಹೊಂದುವ ಔಷಧಿಗಳನ್ನು ಹೋಲಿಸುವ ರೆಪರ್ಟರೈಸೇಷನ್ ಚಾರ್ಟಿನ ಚಿತ್ರ ಬರುತ್ತದೆ, ಒಂದು ಔಷಧಿ ಆಯ್ಕೆಯಾಗುತ್ತದೆ, ಮೊದಲ ದಿನದ ಫೋಟೋ ಮತ್ತು ಕೊನೆಯ ದಿನದ ಫೋಟೋ ಅಕ್ಕಪಕ್ಕ ಕೂರುತ್ತವೆ, ಮತ್ತು ಈ ಕೇಸು ಹೋಮಿಯೋಪಥಿಯ ಸಾಮರ್ಥ್ಯವನ್ನು ತೋರಿಸಿಕೊಟ್ಟಿತು ಎಂಬ ವಾಕ್ಯದಲ್ಲಿ ಎಲ್ಲವೂ ಮುಗಿಯುತ್ತದೆ.

ಈ ಬರಹಗಳಲ್ಲಿ ಸುಳ್ಳಿದೆ ಎಂದು ನಾನು ಹೇಳುತ್ತಿಲ್ಲ. ಈ ಮಕ್ಕಳನ್ನು ನಾನು ಬಲ್ಲೆ; ಅವರು ಬರೆದದ್ದು ನಡೆದದ್ದೇ. ಕಾಡುವುದು ಬರೆಯದೆ ಬಿಟ್ಟದ್ದು. ಅದೇ ತಿಂಗಳಲ್ಲಿ ಅದೇ ತೊಂದರೆಯೊಂದಿಗೆ ಬಂದ ಉಳಿದವರೇನಾದರು, ಅರ್ಧಕ್ಕೆ ಬರುವುದನ್ನು ನಿಲ್ಲಿಸಿದವರು ಏಕೆ ನಿಲ್ಲಿಸಿದರು, ಗುಣವಾದ ಈ ಒಬ್ಬ ರೋಗಿಯಲ್ಲೂ ಗುಣವಾಗದೆ ಉಳಿದ ತೊಂದರೆಗಳು ಯಾವುವು ಎಂಬುದು ಎಲ್ಲಿಯೂ ಇರುವುದಿಲ್ಲ. ಈ ಕೊರತೆಯನ್ನು ಕೊನೆಯ ಹಂತದಲ್ಲಿ ಭಾಷೆ ತಿದ್ದಿ, ವಾಕ್ಯ ಸೇರಿಸಿ ಸರಿಪಡಿಸಲು ಬರುವುದಿಲ್ಲ. ಕೇಸ್ ವರದಿ ಬರೆಯುವ ಕೆಲಸ ರೋಗಿ ಗುಣವಾದ ದಿನ ಆರಂಭವಾಗುತ್ತದೆ ಎಂದು ನಾವು ತಿಳಿದುಕೊಂಡಿರುವುದೇ ಇದರ ಮೂಲ ಎಂದು ನನಗೆ ಈಗ ಖಚಿತವಾಗಿದೆ. ಅದು ರೋಗಿ ಮೊದಲ ಸಲ ಬಾಗಿಲಲ್ಲಿ ನಿಂತ ದಿನವೇ ಆರಂಭವಾಗಬೇಕು, ಅವನು ಗುಣವಾಗುತ್ತಾನೋ ಇಲ್ಲವೋ ಎಂಬುದು ಯಾರಿಗೂ ಗೊತ್ತಿಲ್ಲದಾಗ.

ಹಾನಿಮನ್ನರ ನೋಟ್‌ಬುಕ್

ಇದು ಹೊರಗಿನಿಂದ ಬಂದ ನಿಯಮವೇನೂ ಅಲ್ಲ. ಹೋಮಿಯೋಪಥಿಯ ಸ್ಥಾಪಕ ಹಾನಿಮನ್ನರ ಮೂಲಗ್ರಂಥ ಆರ್ಗನಾನ್‌ನ 83ನೇ ಸೂತ್ರದಿಂದ 104ನೆಯದರವರೆಗೆ ನಾವೆಲ್ಲರೂ ಮೊದಲ ವರ್ಷಗಳಲ್ಲೇ ಬಾಯಿಪಾಠ ಮಾಡಿದ್ದೇವೆ. ಪೂರ್ವಗ್ರಹವಿಲ್ಲದೆ ನೋಡುವುದು, ಗಮನವಿಟ್ಟು ಕೇಳುವುದು, ಕಂಡದ್ದನ್ನು ಕಂಡಂತೆ ಬರೆಯುವುದು ಎಂದು 83ರಲ್ಲಿ ಹೇಳಿದೆ. ರೋಗಿ ಹೇಳುವ ಪ್ರತಿ ಹೊಸ ಸಂಗತಿಯನ್ನೂ ಹೊಸ ಸಾಲಿನಲ್ಲಿ ಬರೆದುಕೊಳ್ಳಬೇಕು, ಮುಂದೆ ಅದಕ್ಕೆ ಏನಾದರೂ ಸೇರಿಸುವುದಿದ್ದರೆ ಜಾಗವಿರಬೇಕು ಎಂಬ ತೀರ ಪ್ರಾಯೋಗಿಕ ಸೂಚನೆ 85ರಲ್ಲಿದೆ. ಪರೀಕ್ಷೆಯಲ್ಲಿ ಹೆಚ್ಚು ಅಂಕ ತರುವುದು ಇವೇ. ಆದರೆ 104ರ ಕೊನೆಯ ಭಾಗವನ್ನು ನಾವು ಬೇಗ ದಾಟಿಬಿಡುತ್ತೇವೆ. ರೋಗಿ ಮತ್ತೆ ಬಂದಾಗ ವೈದ್ಯನು ಮೊದಲು ಬರೆದ ಪಟ್ಟಿಯನ್ನು ಮುಂದಿಟ್ಟುಕೊಳ್ಳಬೇಕು, ಕಡಿಮೆಯಾದ ಲಕ್ಷಣಗಳನ್ನು ಹೊಡೆದುಹಾಕಬೇಕು, ಇನ್ನೂ ಉಳಿದಿರುವುದನ್ನು ಗುರುತಿಸಬೇಕು, ಹೊಸದಾಗಿ ಕಾಣಿಸಿಕೊಂಡದ್ದನ್ನು ಸೇರಿಸಬೇಕು ಎಂದು ಅಲ್ಲಿ ಬರೆದಿದೆ. ಹಾಗೆ ನೋಡಿದರೆ ಪ್ರತಿ ಕೇಸ್ ಶೀಟಿನಲ್ಲೂ ಮೂರು ಬಗೆಯ ಸಾಲುಗಳಿರುತ್ತವೆ: ಹೊಡೆದುಹಾಕಿದವು, ಹೊಡೆದುಹಾಕದೆ ಉಳಿದವು, ಹೊಸದಾಗಿ ಸೇರಿದವು. ಜರ್ನಲ್‌ಗೆ ಕಳುಹಿಸುವ ಹಸ್ತಪ್ರತಿಯಲ್ಲಿ ಮಾತ್ರ ಮೊದಲನೆಯ ಬಗೆಯವಷ್ಟೇ ಕಾಣುತ್ತವೆ.

ಹಾನಿಮನ್ನರ ಕೇಸ್ ನೋಟ್‌ಬುಕ್‌ಗಳು ಇಂದಿಗೂ ಉಳಿದಿವೆ; ಜರ್ಮನಿಯ ಸ್ಟುಟ್‌ಗಾರ್ಟ್‌ನಲ್ಲಿರುವ ರಾಬರ್ಟ್ ಬಾಷ್ ಪ್ರತಿಷ್ಠಾನದ ವೈದ್ಯಕೀಯ ಇತಿಹಾಸ ಸಂಸ್ಥೆ ಅವುಗಳನ್ನು ಕಾಪಾಡಿಕೊಂಡು ಬಂದಿದೆ. ದಶಕಗಳ ಕಾಲ ದಿನದಿನವೂ ಬರೆದಿಟ್ಟ ಆ ಮನುಷ್ಯ ತನ್ನ ಕೇಸುಗಳನ್ನು ಅಚ್ಚು ಮಾಡಿಸಲು ಮಾತ್ರ ಬಹಳ ಹಿಂದೆಗೆದರು. ಪ್ರತಿ ರೋಗಿಯೂ ಬೇರೆಯಾಗಿರುವಾಗ ಒಬ್ಬನ ಕಥೆ ಇನ್ನೊಬ್ಬನಿಗೆ ಮಾದರಿಯಾಗಲಾರದು ಎಂಬುದು ಅವರ ಕಾರಣವಾಗಿತ್ತು. ಒಂದು ಕೇಸಿನಿಂದ ಎಷ್ಟನ್ನು ಹೇಳಬಹುದು, ಎಷ್ಟನ್ನು ಹೇಳಬಾರದು ಎಂಬ ಎಚ್ಚರ ಪದ್ಧತಿಯ ಮೂಲದಲ್ಲೇ ಇತ್ತು ಎಂಬುದನ್ನು ವಿದ್ಯಾರ್ಥಿಗಳಿಗೆ ನೆನಪಿಸುತ್ತಿರುತ್ತೇನೆ.

ನರಹುಲಿಯ ಕೇಸು

ಕೆಲವು ವರ್ಷಗಳ ಹಿಂದೆ ಒಬ್ಬ ವಿದ್ಯಾರ್ಥಿನಿ ನರಹುಲಿಯ ಕೇಸೊಂದನ್ನು ಬರೆದು ತಂದಿದ್ದಳು. ಏಳನೇ ತರಗತಿಯ ಹುಡುಗನ ಕೈಬೆರಳುಗಳ ಮೇಲೆ ನರಹುಲಿಗಳು, ಥೂಜಾ ಎಂಬ ಹೋಮಿಯೋಪಥಿ ಔಷಧಿ ಕೊಟ್ಟ ಕೆಲವು ತಿಂಗಳುಗಳಲ್ಲಿ ಒಂದೂ ಉಳಿದಿರಲಿಲ್ಲ, ಫೋಟೋಗಳು ಸ್ಪಷ್ಟವಾಗಿದ್ದವು. ಲೇಖನ ಜರ್ನಲ್‌ಗೆ ಹೋಯಿತು. ತಿಂಗಳುಗಳ ನಂತರ ಪರಿಶೀಲಕರ ಟಿಪ್ಪಣಿ ಬಂದಾಗ ಅದರಲ್ಲಿ ಮೊದಲನೆಯದಾಗಿಯೇ ಒಂದು ಪ್ರಶ್ನೆ ಇತ್ತು: ಮಕ್ಕಳ ನರಹುಲಿಗಳಲ್ಲಿ ಸುಮಾರು ಮೂರನೇ ಎರಡರಷ್ಟು ಎರಡು ವರ್ಷಗಳೊಳಗೆ ತಾವಾಗಿಯೇ ಹೋಗುತ್ತವೆ, ಈ ಹುಡುಗನಲ್ಲಿ ಅವು ಔಷಧಿಯಿಂದಲೇ ಹೋದವು ಎಂದು ಲೇಖಕರು ಯಾವ ಆಧಾರದ ಮೇಲೆ ಹೇಳುತ್ತಾರೆ?

ಅವಳು ಆ ಕಾಗದವನ್ನು ಹಿಡಿದು ನನ್ನ ಕೋಣೆಗೆ ಬಂದಾಗ ಕಣ್ಣಲ್ಲಿ ನೀರಿತ್ತು. "ಮೇಡಂ, ಅವರಿಗೆ ಹೋಮಿಯೋಪಥಿಯ ಮೇಲೆ ನಂಬಿಕೆ ಇಲ್ಲ ಅನಿಸ್ತದೆ" ಎಂದಳು. ಪ್ರಶ್ನೆ ನಂಬಿಕೆಯದ್ದಲ್ಲ, ನರಹುಲಿಯದ್ದು ಎಂದು ನಾನು ಹೇಳಿದೆ. ಇಬ್ಬರೂ ಕುಳಿತು ಕೇಸ್ ಶೀಟನ್ನು ಮತ್ತೆ ಓದಿದೆವು. ನರಹುಲಿ ಮೊದಲು ಕಾಣಿಸಿಕೊಂಡದ್ದು ಯಾವಾಗ ಎಂಬ ಜಾಗದಲ್ಲಿ ಬಹಳ ದಿನಗಳಿಂದ ಎಂದಷ್ಟೇ ಇತ್ತು. ಮನೆಯಲ್ಲಿ ಬೇರೆಯವರಿಗೆ ಇದೆಯೇ ಎಂಬುದು ಇರಲಿಲ್ಲ. ಬೇರೇನಾದರೂ ಹಚ್ಚುತ್ತಿದ್ದರೇ ಎಂಬುದೂ ಇರಲಿಲ್ಲ. ಅವಳು ಹುಡುಗನ ಮನೆಗೆ ಫೋನ್ ಮಾಡಿದಳು. ತಾಯಿ ಬಹಳ ಸಂತೋಷದಿಂದ ಮಾತನಾಡಿದರು. ಮತ್ತೆ ಬಂದಿಲ್ಲ ಎಂದರು. ಮಾತಿನ ನಡುವೆ, ತಮ್ಮನಿಗೂ ಕೈಯಲ್ಲಿ ಎರಡು ಎದ್ದಿದ್ದವು, ಅವನನ್ನು ಕರೆದುಕೊಂಡು ಬರಬೇಕು ಅನ್ನುವಷ್ಟರಲ್ಲಿ ಅವು ತಾವೇ ಬಿದ್ದುಹೋದವು ಎಂದೂ ಹೇಳಿದರು.

ಆ ತಮ್ಮನ ಎರಡು ನರಹುಲಿಗಳು ಲೇಖನದ ಚರ್ಚೆಯ ಭಾಗಕ್ಕೆ ಸೇರಿದವು. ತಾನಾಗಿ ಗುಣವಾಗುವ ಸಾಧ್ಯತೆಯನ್ನು ತಳ್ಳಿಹಾಕಲಾಗದು ಎಂಬ ವಾಕ್ಯವೂ ಸೇರಿತು. ಶೀರ್ಷಿಕೆಯಲ್ಲಿದ್ದ ಯಶಸ್ವಿ ಎಂಬ ಪದ ಹೋಯಿತು. ಅವಳಿಗೆ ಮೊದಲು ಬೇಸರವಾಯಿತಾದರೂ ತಿದ್ದಿದ ಪ್ರತಿಯನ್ನು ಓದಿದ ಮೇಲೆ ಇದು ಹೆಚ್ಚು ನಿಜವಾಗಿದೆ ಎಂದು ಅವಳೇ ಒಪ್ಪಿಕೊಂಡಳು. ಇಂದಿಗೂ ಹೊಸ ಬ್ಯಾಚಿಗೆ ಪಾಠ ಮಾಡುವಾಗ ನಾನು ತೋರಿಸುವುದು ಆ ಎರಡನೆಯ ಪ್ರತಿಯನ್ನು.

ಕಾರಣ ಮತ್ತು ಪರಿಣಾಮದ ಈ ಪ್ರಶ್ನೆಯನ್ನು ಎದುರಿಸಲು ಈಗ ನಮ್ಮಲ್ಲೇ ಒಂದು ಅಳತೆಗೋಲು ಇದೆ. ಔಷಧಿಗಳ ಅಡ್ಡಪರಿಣಾಮವನ್ನು ಗುರುತಿಸಲು 1981ರಲ್ಲಿ ರೂಪಿಸಿದ್ದ ನರಾಂಜೋ ಮಾಪಕವನ್ನು ಹೋಮಿಯೋಪಥಿಗೆ ತಕ್ಕಂತೆ ಬದಲಾಯಿಸಿಕೊಂಡಿದ್ದಾರೆ. ಅದರಲ್ಲಿ ಹೆಚ್ಚೆಂದರೆ 13 ಅಂಕ. ಹೆಚ್ಚಿನ ಹಸ್ತಪ್ರತಿಗಳಲ್ಲಿ 9 ಅಥವಾ 10 ಅಂಕ ಬಂದಿರುತ್ತದೆ, ಮತ್ತು ಆ ಅಂಕವನ್ನು ಕೊಟ್ಟವರು ಚಿಕಿತ್ಸೆ ಕೊಟ್ಟವರೇ ಆಗಿರುತ್ತಾರೆ. ಸುಧಾರಣೆಗೆ ಬೇರೆ ಬಲವಾದ ಕಾರಣ ಇರಬಹುದೇ ಎಂದು ಕೇಳುವ ಪ್ರಶ್ನೆಗೆ ಹೌದು ಎಂದರೆ 3 ಅಂಕ ಕಳೆಯಬೇಕಾಗುತ್ತದೆ. ಆ ಒಂದು ಸಾಲನ್ನು ಕೇಸಿಗೆ ಸಂಬಂಧವಿಲ್ಲದ ಇನ್ನೊಬ್ಬ ವೈದ್ಯರಿಂದ ತುಂಬಿಸಿ ಎಂಬುದು ನನ್ನ ಸಲಹೆ. ಇದಕ್ಕೆ ಖರ್ಚಿಲ್ಲ, ಪಕ್ಕದ ವಿಭಾಗದವರನ್ನು ಕೇಳಿಕೊಂಡರೆ ಸಾಕು.

ಮೊದಲ ದಿನ ಬರೆಯದಿದ್ದರೆ ಮುಂದೆ ಸಿಗದ ಸಂಗತಿಗಳು

ಕೇಸ್ ವರದಿಗಳಿಗೆಂದು 2013ರಲ್ಲಿ ಕೇರ್ ಮಾರ್ಗಸೂಚಿ ಬಂತು. 2016ರಲ್ಲಿ ಅದಕ್ಕೆ ಹೋಮಿಯೋಪಥಿಯ ಪೂರಕವಾಗಿ ಹೋಮ್-ಕೇಸ್ ಸೇರಿತು. ಹೋಮಿಯೋಪಥಿ ಚಿಕಿತ್ಸೆಯ ವಿವರಗಳನ್ನು ಹೇಗೆ ಕೊಡಬೇಕೆಂದು ಅದಕ್ಕೂ ಮೊದಲೇ, 2007ರಲ್ಲಿ, ರೆಡ್‌ಹಾಟ್ ಎಂಬ ಪಟ್ಟಿ ಪ್ರಕಟವಾಗಿತ್ತು. ವಿದ್ಯಾರ್ಥಿಗಳು ಈ ಪಟ್ಟಿಗಳನ್ನು ಸಲ್ಲಿಕೆಯ ಹಿಂದಿನ ರಾತ್ರಿ ತೆರೆದು, ಹೌದು ಹೌದು ಎಂದು ಗುರುತು ಹಾಕುತ್ತಾರೆ. ಆದರೆ ಅವುಗಳನ್ನು ಗಮನವಿಟ್ಟು ಓದಿದರೆ, ಅಲ್ಲಿ ಕೇಳಿರುವ ಬಹುಪಾಲು ಮಾಹಿತಿ ಆ ದಿನವೇ ಬರೆದಿಡದಿದ್ದರೆ ಎಂದಿಗೂ ಸಿಗುವಂಥದ್ದಲ್ಲ ಎಂಬುದು ತಿಳಿಯುತ್ತದೆ. ಯಾವ ಪೊಟೆನ್ಸಿ (ಔಷಧಿಯನ್ನು ತೆಳುಗೊಳಿಸಿದ ಮಟ್ಟ), ಯಾವ ಸ್ಕೇಲ್ (ತೆಳುಗೊಳಿಸಿದ ಅನುಪಾತ), ಯಾವ ಕಂಪನಿಯ ತಯಾರಿಕೆ, ಎಷ್ಟು ಗುಳಿಗೆ, ದಿನಕ್ಕೆ ಎಷ್ಟು ಸಲ, ಎಂದು ನಿಲ್ಲಿಸಲಾಯಿತು ಎಂಬುದನ್ನು ಫಾರ್ಮಸಿಯ ಪುಸ್ತಕದಿಂದ ಹೇಗೋ ಹುಡುಕಬಹುದು. ರೋಗಿ ಆಗ ತೆಗೆದುಕೊಳ್ಳುತ್ತಿದ್ದ ರಕ್ತದೊತ್ತಡದ ಮಾತ್ರೆ, ಮೆಡಿಕಲ್ ಶಾಪಿನಿಂದ ತಂದು ಹಚ್ಚುತ್ತಿದ್ದ ಮುಲಾಮು, ನಡುವೆ ಒಮ್ಮೆ ನುಂಗಿದ ಸ್ಟೀರಾಯ್ಡ್ ಇವುಗಳನ್ನು ಹುಡುಕುವುದೆಲ್ಲಿ? ಹೋಮಿಯೋಪಥಿ ಡಾಕ್ಟರ ಮುಂದೆ ಇಂಗ್ಲಿಷ್ ಔಷಧಿಯ ಮಾತೆತ್ತಿದರೆ ಬೈಯುತ್ತಾರೆಂಬ ಭಯ ನಮ್ಮ ರೋಗಿಗಳಲ್ಲಿ ಇನ್ನೂ ಇದೆ. ಆ ಭಯ ಹೋಗುವ ಹಾಗೆ ಕೇಳುವುದು ಕೇಸ್ ಟೇಕಿಂಗ್‌ನ ಭಾಗವೇ.

ಇನ್ನೊಂದು ವಿಷಯ ನಮ್ಮವರಿಗಷ್ಟೇ ಅರ್ಥವಾಗುವಂಥದ್ದು. ಕೇಸ್ ಶೀಟಿನಲ್ಲಿ ಹಲವು ಭೇಟಿಗಳ ಎದುರು ಎಸ್.ಎಲ್. ಎಂದು ಬರೆದಿರುತ್ತದೆ. ಔಷಧಿಯಿಲ್ಲದ ಸಕ್ಕರೆ ಗುಳಿಗೆಯನ್ನು ಕೊಟ್ಟು ಕಾಯುವ ಈ ಪದ್ಧತಿ ನಮ್ಮ ನಿತ್ಯದ ಕೆಲಸದಲ್ಲಿ ಸಹಜವಾದದ್ದು. ಮೊದಲ ಡೋಸ್ ಕೆಲಸ ಮಾಡುತ್ತಿರುವಾಗ ಮತ್ತೆ ಕೊಡಬಾರದು ಎಂಬ ತರ್ಕ ಅದರ ಹಿಂದಿದೆ. ಹಸ್ತಪ್ರತಿಯ ಫಾಲೋ-ಅಪ್ ಕೋಷ್ಟಕಕ್ಕೆ ಬರುವಾಗ ಮಾತ್ರ ಆ ಸಾಲುಗಳು ಮಾಯವಾಗಿ, ಚಿಕಿತ್ಸೆ ಮುಂದುವರಿಸಲಾಯಿತು ಎಂದಾಗಿರುತ್ತದೆ. ಯಾವ ದಿನಗಳಲ್ಲಿ ಔಷಧಿ, ಯಾವ ದಿನಗಳಲ್ಲಿ ಬರೀ ಗುಳಿಗೆ ಎಂಬುದು ಓದುಗನಿಗೆ ಗೊತ್ತಾಗಲೇಬೇಕು. ಬರೀ ಗುಳಿಗೆಯ ಅವಧಿಯಲ್ಲಿ ಆದ ಸುಧಾರಣೆಯನ್ನು ನಾವು ಒಂದು ರೀತಿ ಅರ್ಥ ಮಾಡಿಕೊಳ್ಳುತ್ತೇವೆ, ಹೊರಗಿನವರು ಬೇರೆ ರೀತಿ ಅರ್ಥ ಮಾಡಿಕೊಳ್ಳುತ್ತಾರೆ. ಆ ಎರಡನೆಯ ಓದಿಗೂ ಅವಕಾಶ ಕೊಡದ ಲೇಖನ ವೈಜ್ಞಾನಿಕ ಲೇಖನವಾಗುವುದಿಲ್ಲ.

ಕ್ಲಿನಿಕಲ್ ಟ್ರಯಲ್‌ಗಳಿಗೆ ಈ ಮಾತು ಇನ್ನೂ ಕಟ್ಟುನಿಟ್ಟಾಗಿ ಅನ್ವಯಿಸುತ್ತದೆ. ಸಿಟಿಆರ್‌ಐ ಎಂಬ ನಮ್ಮ ದೇಶದ ಟ್ರಯಲ್ ನೋಂದಣಿ ವ್ಯವಸ್ಥೆ 2007ರಲ್ಲಿ ಆರಂಭವಾಯಿತು. 2018ರ ಏಪ್ರಿಲ್ 1ರಿಂದ ಮೊದಲ ರೋಗಿಯನ್ನು ಸೇರಿಸಿಕೊಳ್ಳುವ ಮುನ್ನವೇ ನೋಂದಾಯಿಸಬೇಕು. ಆಮೇಲೆ ಮಾಡುತ್ತೇವೆಂದರೆ ಅವಕಾಶವಿಲ್ಲ. ಎರಡು ವರ್ಷ ಶ್ರಮಪಟ್ಟು ಹತ್ತಾರು ರೋಗಿಗಳನ್ನು ನೋಡಿ, ಅಂಕಿಅಂಶ ಹಾಕಿ, ಬೈಂಡ್ ಮಾಡಿಸಿದ ಎಂಡಿ ಪ್ರಬಂಧ ಈ ಒಂದು ನೋಂದಣಿ ಸಂಖ್ಯೆಯಿಲ್ಲದೆ ಒಳ್ಳೆಯ ಜರ್ನಲ್‌ಗಳ ಬಾಗಿಲಲ್ಲೇ ನಿಂತುಬಿಡುವುದನ್ನು ನೋಡುವುದು ಸಂಕಟದ ಕೆಲಸ. ಸಿನಾಪ್ಸಿಸ್, ಅಂದರೆ ಸಂಶೋಧನಾ ಯೋಜನೆಯ ಸಾರಾಂಶ, ಬರೆಯುವ ತಿಂಗಳಲ್ಲೇ, ಎಥಿಕ್ಸ್ ಕಮಿಟಿಯ ಪತ್ರ ಕೈಗೆ ಬಂದ ಕೂಡಲೇ, ಇದನ್ನು ಮಾಡಿಸುವುದು ಗೈಡ್‌ಗಳಾದ ನಮ್ಮ ಹೊಣೆ.

ಬಳೆ

ಒಪ್ಪಿಗೆ ಪತ್ರದ ಬಗ್ಗೆ ನಾನು ಗಂಭೀರವಾಗಿ ಯೋಚಿಸುವಂತೆ ಮಾಡಿದವರು ಒಬ್ಬ ತಾಯಿ. ಮದುವೆಯ ವಯಸ್ಸಿಗೆ ಬಂದ ಮಗಳ ಕೈ ಮೇಲೆ ಬಿಳಿ ಕಲೆಗಳಿದ್ದವು, ಮತ್ತು ಚಿಕಿತ್ಸೆಯಲ್ಲಿ ಕಲೆಗಳ ಅಂಚಿನಲ್ಲಿ ಬಣ್ಣ ಮರಳುತ್ತಿತ್ತು. ಆ ಕೇಸನ್ನು ಬರೆಯಲು ಬಯಸಿದ ವಿದ್ಯಾರ್ಥಿ ಕನ್ನಡದಲ್ಲಿ ಅಚ್ಚಾದ ಒಪ್ಪಿಗೆ ಪತ್ರವನ್ನು ಓದಿ ಹೇಳಿ, ಮುಖ ಎಲ್ಲಿಯೂ ಬರುವುದಿಲ್ಲ, ಹೆಸರೂ ಇರುವುದಿಲ್ಲ ಎಂದು ವಿವರಿಸಿದ. ಮಗಳು ಸಹಿ ಹಾಕಲು ಪೆನ್ನು ತೆಗೆದುಕೊಂಡಾಗಿತ್ತು. ತಾಯಿ ಫೋಟೋವನ್ನು ಒಮ್ಮೆ ತೋರಿಸಿ ಎಂದರು. ನೋಡಿದವರೇ ನನ್ನ ಕಡೆ ತಿರುಗಿ ಹೇಳಿದರು: "ಮೇಡಂ, ಮುಖ ಇಲ್ಲ, ಸರಿ. ಆದ್ರೆ ಈ ಬಳೆ ಉಂಟಲ್ಲ, ಇದು ನನ್ನ ಅತ್ತೆಯದ್ದು. ನಮ್ಮ ಕಡೆಯವರು ಯಾರು ನೋಡಿದ್ರೂ ಇದು ಇವಳ ಕೈ ಅಂತ ಹೇಳ್ತಾರೆ. ಇನ್ನು ಒಂದು ಸಂಬಂಧ ಬರುವಾಗ ಯಾರಾದ್ರೂ ಮೊಬೈಲಲ್ಲಿ ಇದನ್ನು ತೋರಿಸಿದ್ರೆ?"

ಉತ್ತರ ಕೊಡುವ ಮೊದಲು ಆ ಪ್ರಶ್ನೆ ಸರಿಯಾದದ್ದು ಎಂದು ಒಪ್ಪಲೇಬೇಕಿತ್ತು. ಜರ್ನಲ್ ಓಪನ್ ಆ್ಯಕ್ಸೆಸ್ ಆಗಿರುವಾಗ ಫೋಟೋ ಯಾರ ಫೋನಿಗೆ ಬೇಕಾದರೂ ಹೋಗಬಹುದು; ಒಮ್ಮೆ ಪ್ರಕಟವಾದ ಮೇಲೆ ಒಪ್ಪಿಗೆಯನ್ನು ಹಿಂತೆಗೆದುಕೊಂಡರೂ ಚಿತ್ರ ಹಿಂದಕ್ಕೆ ಬರುವುದಿಲ್ಲ. ಕಣ್ಣಿನ ಮೇಲೆ ಕಪ್ಪು ಪಟ್ಟಿ ಎಳೆದರೆ ಗುರುತು ಮರೆಯಾಗುವುದಿಲ್ಲ ಎಂದು ವೈದ್ಯಕೀಯ ಜರ್ನಲ್‌ಗಳ ಸಂಪಾದಕರ ಅಂತರರಾಷ್ಟ್ರೀಯ ಸಮಿತಿಯ ಶಿಫಾರಸುಗಳೇ ಹೇಳುತ್ತವೆ. ಬಳೆ, ಹಚ್ಚೆ, ಹುಟ್ಟುಮಚ್ಚೆ, ಹಿನ್ನೆಲೆಯಲ್ಲಿ ಕಾಣುವ ಶಾಲೆಯ ಯೂನಿಫಾರ್ಮ್ ಇವೆಲ್ಲಕ್ಕೂ ಅದೇ ಮಾತು. ಆ ದಿನ ನಾವು ಸಹಿ ಪಡೆಯಲಿಲ್ಲ. ಮನೆಗೆ ಹೋಗಿ ಯೋಚಿಸಿ, ಬೇಡವೆಂದರೆ ಚಿಕಿತ್ಸೆಯಲ್ಲಿ ಯಾವ ವ್ಯತ್ಯಾಸವೂ ಆಗುವುದಿಲ್ಲ ಎಂದೆ. ಅವರು ಬೇಡವೆಂದರು, ಕೇಸು ಪ್ರಕಟವಾಗಲಿಲ್ಲ, ಮಗಳು ಚಿಕಿತ್ಸೆಗೆ ಬರುತ್ತಲೇ ಇದ್ದಳು. ಅಂದಿನಿಂದ ನಮ್ಮ ವಿಭಾಗದಲ್ಲಿ ಆಭರಣ ತೆಗೆಸಿ, ಅಳತೆಪಟ್ಟಿ ಪಕ್ಕದಲ್ಲಿಟ್ಟು, ಒಂದೇ ಬೆಳಕಿನಲ್ಲಿ, ಬಿಳಿ ಬಟ್ಟೆಯ ಮೇಲೆ ಫೋಟೋ ತೆಗೆಯುವ ಕ್ರಮ ಬಂದಿದೆ, ಮತ್ತು ಸಹಿಗೆ ಮೊದಲು ಪ್ರಕಟವಾಗಲಿರುವ ಚಿತ್ರವನ್ನೇ ಮನೆಯವರಿಗೆ ತೋರಿಸುತ್ತೇವೆ. ಅಳತೆಪಟ್ಟಿ ಮತ್ತು ಬೆಳಕಿನ ಕ್ರಮದಿಂದ ಚಿತ್ರಗಳನ್ನು ಹೋಲಿಸಲು ಸಾಧ್ಯವಾಗುತ್ತದೆ ಎಂಬುದು ಇನ್ನೊಂದು ಲಾಭ.

ಯಾರು ಓದಬೇಕೆಂದು ಬರೆಯುತ್ತೇವೆ

1796ರಲ್ಲಿ ಹಾನಿಮನ್ ತಮ್ಮ ಹೊಸ ತತ್ವವನ್ನು ಮೊದಲು ವಿವರಿಸಿದ ಪ್ರಬಂಧ ಪ್ರಕಟವಾದದ್ದು ಜರ್ಮನ್ ವೈದ್ಯ ಹುಫೆಲಾಂಡ್ ನಡೆಸುತ್ತಿದ್ದ ಜರ್ನಲ್‌ನಲ್ಲಿ, ಆ ಕಾಲದ ಎಲ್ಲ ಪಂಥದ ವೈದ್ಯರು ಓದುತ್ತಿದ್ದ ಕಡೆ. ಕಲ್ಕತ್ತೆಯ ವೈದ್ಯ ಮಹೇಂದ್ರಲಾಲ್ ಸರ್ಕಾರ್ 1867ರಲ್ಲಿ ವೈದ್ಯರ ಸಭೆಯೊಂದರಲ್ಲಿ ಹೋಮಿಯೋಪಥಿಯ ಪರವಾಗಿ ಮಾತನಾಡಿ ವೃತ್ತಿಬಾಂಧವರಿಂದ ದೂರವಾದರು. ಮರುವರ್ಷ ಅವರು ಕಲ್ಕತ್ತಾ ಜರ್ನಲ್ ಆಫ್ ಮೆಡಿಸಿನ್ ಆರಂಭಿಸಿದಾಗ, ತಮ್ಮನ್ನು ಒಪ್ಪದವರೂ ಓದಬೇಕೆಂಬ ಹಂಬಲವಿತ್ತೆಂದು ಆ ಹೆಸರಿನಿಂದಲೇ ನನಗನ್ನಿಸುತ್ತದೆ. ಎಂಟು ವರ್ಷಗಳ ನಂತರ, 1876ರಲ್ಲಿ, ಭಾರತೀಯ ವಿಜ್ಞಾನ ಸಂವರ್ಧನ ಸಂಘವನ್ನು ಕಟ್ಟಿದವರೂ ಅವರೇ. ಮುಂದೆ ಸಿ.ವಿ. ರಾಮನ್ ತಮ್ಮ ಸಂಶೋಧನೆ ನಡೆಸಿದ್ದು ಅಲ್ಲಿ.

ನಾವು ಈಗ ಹೆಚ್ಚಾಗಿ ನಮ್ಮವರಿಗಾಗಿಯೇ ಬರೆಯುತ್ತಿದ್ದೇವೆ. ಬ್ರಿಟನ್ನಿನ ಹೋಮಿಯೋಪಥಿ ಎಂಬ, ನಮ್ಮ ಕ್ಷೇತ್ರದ ಹಳೆಯ ಜರ್ನಲ್ ತನ್ನದೇ ಲೇಖನಗಳನ್ನು ಅತಿಯಾಗಿ ಉಲ್ಲೇಖಿಸಿದ ಕಾರಣಕ್ಕೆ 2016ರಲ್ಲಿ ಜರ್ನಲ್ ಎಷ್ಟು ಉಲ್ಲೇಖವಾಗುತ್ತದೆ ಎಂದು ಅಳೆಯುವ ಇಂಪ್ಯಾಕ್ಟ್ ಫ್ಯಾಕ್ಟರ್ ಪಟ್ಟಿಯಿಂದ ಹೊರಗೆ ಉಳಿಯಬೇಕಾಯಿತು. ನಮ್ಮ ವಿದ್ಯಾರ್ಥಿಗಳ ಉಲ್ಲೇಖಗಳ ಪಟ್ಟಿಯಲ್ಲೂ ಔಷಧಿಗಳ ಗುಣ ವಿವರಿಸುವ ಮೆಟೀರಿಯಾ ಮೆಡಿಕಾಗಳು, ಲಕ್ಷಣಗಳ ಸೂಚಿಯಾದ ರೆಪರ್ಟರಿ, ನಮ್ಮದೇ ಎರಡು ಮೂರು ಜರ್ನಲ್‌ಗಳು ಬಿಟ್ಟರೆ ಬೇರೇನೂ ಕಾಣುವುದಿಲ್ಲ. ನಾವು ಬರೆಯುತ್ತಿರುವ ರೋಗ ಚಿಕಿತ್ಸೆಯಿಲ್ಲದೆ ಹೇಗೆ ಸಾಗುತ್ತದೆ ಎಂಬುದನ್ನು ಅಧ್ಯಯನ ಮಾಡಿದ ಚರ್ಮರೋಗ ತಜ್ಞರ ಲೇಖನಗಳನ್ನೂ ಓದದೆ ನಮ್ಮ ಫಲಿತಾಂಶದ ಬೆಲೆಯನ್ನು ಹೇಗೆ ನಿರ್ಧರಿಸುವುದು? 2005ರಲ್ಲಿ ಲ್ಯಾನ್ಸೆಟ್‌ನಲ್ಲಿ ಬಂದ ವಿಶ್ಲೇಷಣೆ ಹೋಮಿಯೋಪಥಿಯ 110 ಟ್ರಯಲ್‌ಗಳನ್ನು ನೋಡಿ, ಪರಿಣಾಮ ಔಷಧಿಯಿಲ್ಲದ ಹುಸಿ ಚಿಕಿತ್ಸೆಯಾದ ಪ್ಲಸೀಬೊಗಿಂತ ಬೇರೆಯಾಗಿ ಕಾಣುವುದಿಲ್ಲ ಎಂಬ ತೀರ್ಮಾನಕ್ಕೆ ಬಂತು. ಆಸ್ಟ್ರೇಲಿಯಾದ ಆರೋಗ್ಯ ಸಂಶೋಧನಾ ಮಂಡಳಿ 2015ರಲ್ಲಿ ಯಾವುದೇ ಕಾಯಿಲೆಗೂ ವಿಶ್ವಾಸಾರ್ಹ ಪುರಾವೆ ಇಲ್ಲ ಎಂದಿತು. ಈ ವರದಿಗಳ ವಿಧಾನದ ಬಗ್ಗೆ ನಮ್ಮವರು ಆಕ್ಷೇಪಗಳನ್ನು ಎತ್ತಿದ್ದಾರೆ, ಎತ್ತುವ ಹಕ್ಕೂ ಇದೆ. ಆದರೆ ಆ ತೀರ್ಮಾನಗಳ ಹೆಸರನ್ನೇ ಎತ್ತದೆ ಬರೆದ ಪೀಠಿಕೆಯನ್ನು ನಾನು ಪರಿಶೀಲಕಳಾಗಿ ಒಪ್ಪುವುದಿಲ್ಲ. ಒಂದು ಕೇಸ್ ವರದಿ ಆ ದೊಡ್ಡ ಪ್ರಶ್ನೆಗೆ ಉತ್ತರವಾಗಲಾರದು. ಅದು ಮಾಡಬಲ್ಲ ಕೆಲಸ ಚಿಕ್ಕದು: ಏನು ಕಂಡೆವು ಎಂಬುದನ್ನು, ನಮ್ಮನ್ನು ಒಪ್ಪದವನೂ ಬಳಸಬಹುದಾದಷ್ಟು ಪೂರ್ಣವಾಗಿ ದಾಖಲಿಸುವುದು.

ಸಲ್ಲಿಕೆಯ ಉಳಿದ ಕೆಲಸಗಳ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಲೇಖಕರ ಹೆಸರಿರುವ ಪುಟವನ್ನು ಬೇರೆ ಫೈಲಾಗಿ ಕಳುಹಿಸುವುದು, ಕವರಿಂಗ್ ಲೆಟರ್, ಹಿತಾಸಕ್ತಿಯ ಘೋಷಣೆ ಇವೆಲ್ಲ ಜರ್ನಲ್‌ನ ಸೂಚನೆಗಳಲ್ಲಿ ಇರುತ್ತವೆ. ಕೇಂದ್ರೀಯ ಹೋಮಿಯೋಪಥಿ ಸಂಶೋಧನಾ ಪರಿಷತ್ತು 2007ರಿಂದ ಹೊರತರುತ್ತಿರುವ ಜರ್ನಲ್‌ನ ಸೂಚನೆಗಳನ್ನು ಒಮ್ಮೆ ಓದಿದವರಿಗೆ ಬೇರೆಡೆ ಕಷ್ಟವಾಗುವುದಿಲ್ಲ. ಹಣ ಕೊಟ್ಟರೆ ವಾರದಲ್ಲಿ ಪ್ರಕಟಿಸುತ್ತೇವೆಂದು ಇಮೇಲ್ ಕಳುಹಿಸುವ ಜರ್ನಲ್‌ಗಳಿಂದ ದೂರವಿರಿ. ಲೇಖಕರ ಕ್ರಮದ ಬಗ್ಗೆ ಒಂದೇ ಮಾತು: ಕೇಸ್ ತೆಗೆದುಕೊಂಡು, ರೋಗಿಯನ್ನು ಫಾಲೋ-ಅಪ್ ಮಾಡಿ, ಮೊದಲ ಕರಡನ್ನು ಬರೆದ ವಿದ್ಯಾರ್ಥಿಯ ಹೆಸರು ಮೊದಲಿರಬೇಕು. ವಿಭಾಗದ ಮುಖ್ಯಸ್ಥರೆಂಬ ಕಾರಣಕ್ಕೆ ಯಾರ ಹೆಸರೂ ಸೇರಬಾರದು.

ಎಲ್ಲರನ್ನೂ ಬರೆಯುವುದು

ಈ ವರ್ಷ ನಾವು ಹೊಸದೊಂದನ್ನು ಆರಂಭಿಸಿದ್ದೇವೆ. ಕೇಸ್ ಶೀಟಿನ ಮೊದಲ ಪುಟಕ್ಕೆ ಇನ್ನೊಂದು ಹಾಳೆಯನ್ನು ಪಿನ್ ಮಾಡುತ್ತೇವೆ. ತೊಂದರೆ ಆರಂಭವಾದ ತಿಂಗಳು, ಈಗಿರುವ ಇತರ ಔಷಧಿಗಳು, ಮನೆಯಲ್ಲಿ ಬೇರೆಯವರಿಗೆ ಇದೆಯೇ, ಚಿಕಿತ್ಸೆಯಿಲ್ಲದಿದ್ದರೆ ಈ ರೋಗ ಸಾಮಾನ್ಯವಾಗಿ ಹೇಗೆ ಸಾಗುತ್ತದೆ, ಯಾವ ಅಳತೆಯಿಂದ ಸುಧಾರಣೆಯನ್ನು ನೋಡುತ್ತೇವೆ ಎಂಬುದನ್ನು ಔಷಧಿ ಕೊಡುವ ಮೊದಲೇ ಅದರಲ್ಲಿ ಬರೆಯಬೇಕು. ಒಬ್ಬ ವಿದ್ಯಾರ್ಥಿ ಆ ಹಾಳೆಗಳನ್ನು ಬಳಸಿಕೊಂಡು, ಆಯ್ದ ಒಂದು ಕೇಸಿನ ಬದಲು, ನಿಗದಿತ ಅವಧಿಯಲ್ಲಿ ನರಹುಲಿಗೆಂದು ನಮ್ಮ ಒಪಿಡಿಗೆ ಬಂದ ಎಲ್ಲರನ್ನೂ ಬಿಡದೆ ಸೇರಿಸಿ ಒಂದು ಕೇಸ್ ಸರಣಿಯನ್ನು ಬರೆಯುತ್ತಿದ್ದಾನೆ. ಇದರಲ್ಲಿ ಕಷ್ಟದ ಭಾಗ ನಡುವೆ ಬರುವುದನ್ನು ಬಿಟ್ಟವರನ್ನು ಹುಡುಕುವುದು; ಅವರಿಗೆ ಫೋನ್ ಮಾಡುವ ಕೆಲಸ ಈಗ ನಡೆಯುತ್ತಿದೆ. ಕೆಲವರು ಗುಣವಾಯಿತೆಂದು ಬರುವುದನ್ನು ನಿಲ್ಲಿಸಿದ್ದಾರೆ. ಕೆಲವರು ಕಾದು ಬೇಸತ್ತು ಚರ್ಮರೋಗ ತಜ್ಞರ ಬಳಿ ಸುಡಿಸಿಕೊಂಡಿದ್ದಾರೆ. ಒಬ್ಬರು ಗುಳಿಗೆಯ ಬಾಟಲಿಯನ್ನು ತೆರೆದೇ ಇರಲಿಲ್ಲವಂತೆ, ಆದರೂ ನರಹುಲಿ ಹೋಗಿದೆ. ಕೋಷ್ಟಕದಲ್ಲಿ ಇವರೆಲ್ಲರಿಗೂ ಒಂದೊಂದು ಸಾಲು ಇರುತ್ತದೆ.